ಕನ್ನಡಿ ಗಾಜು

ಹಾರೋಹಳ್ಳಿಯ ನಮ್ಮ ಹೊಸ ಆಫೀಸಿನ ಮುಂಭಾಗಕ್ಕೆ ಗಾಜು ಆರಿಸಿದವಳು ನಾನೇ. ಹೊರಗಿನವರಿಗೆ ಅದು ಕನ್ನಡಿ. ಒಳಗಿರುವ ನಮಗೆ ಅವರೆಲ್ಲ ಕಾಣುತ್ತಾರೆ.

ಒಂದು ಮಧ್ಯಾಹ್ನ ಹೆಂಗಸೊಬ್ಬಳು ಗಾಜಿನೆದುರು ನಿಂತು, ಯಾರೂ ನೋಡುತ್ತಿಲ್ಲವೆಂದುಕೊಂಡು ಸೆರಗು ತೆಗೆದು ಸರಿಮಾಡಿಕೊಂಡಳು. "ಫ್ರೀ ಸಿನಿಮಾ ನೋಡ್ರಪ್ಪೋ," ಎಂದ ಸಹೋದ್ಯೋಗಿ ಲೋಕೇಶ್. ಎಲ್ಲರೂ ನಕ್ಕರು, ನಾನೂ ನಕ್ಕೆ.

ಅವಳು ನೇರ ನನ್ನನ್ನೇ ನೋಡಿದಳು. "ನೀನೂ ನಗ್ತೀಯೇನವ್ವಾ?" ಬಸ್ಸಿನ ಹಾರನ್ನನ್ನೂ ಒಳಬಿಡದ ಆ ಜೋಡಿ ಗಾಜಿನಾಚೆಯ ಮಾತು ನನ್ನ ಕಿವಿಯ ಪಕ್ಕದಲ್ಲೇ ಕೇಳಿತು.

ನಾಚಿಕೆಯಿಂದ ಕುಗ್ಗಿಹೋಗಿ, ಕ್ಷಮೆ ಕೇಳಲು ಹೊರಗೋಡಿದೆ. ಮೆಟ್ಟಿಲ ಮೇಲೆ ಕುಳಿತಿದ್ದ ಕಾವಲಿನ ಬೋರಲಿಂಗಯ್ಯ, "ಇಲ್ಲಿಗ್ಯಾರೂ ಬಂದಿಲ್ವಲ್ಲವ್ವಾ," ಎಂದರು.

ಅವಳು ನಿಂತಿದ್ದ ಕಡೆ ಗಾಜಿನಲ್ಲಿ ಉಸಿರಿನ ಮಂಜು ಮಾತ್ರ ಇತ್ತು. ಹೊರಗಿನಿಂದ ಒರೆಸಿದೆ, ಒಳಗಿನಿಂದಲೂ ಒರೆಸಿದೆ, ಹೋಗಲಿಲ್ಲ. ಅದು ಸೀಲ್ ಮಾಡಿದ ಎರಡು ಗಾಜುಗಳ ನಡುವೆ ಇದೆ. ನಾನು ಹತ್ತಿರ ಹೋದಾಗಲೆಲ್ಲ ಮೆಲ್ಲಗೆ ಹರಡುತ್ತದೆ, ಕುಗ್ಗುತ್ತದೆ.