ಸರಿ ಇದ್ದ ಕಾರಿನ ಕಾಯಿಲೆ

ಕಾರು ಸರಿಯಾಗಿತ್ತು. ಅದು ನಮಿತಾಗೆ ಗೊತ್ತಿತ್ತು. ಬಾನೆಟ್ ಒಳಗೆ ತಲೆ ಹಾಕಿ ನಿಂತಿದ್ದ ಶಿವಪುತ್ರನಿಗೆ ಗೊತ್ತಿರಲಿಲ್ಲ.

"ಎಸಿ ಹಾಕ್ರಿ," ಅಂದ.

ಹಾಕಿದಳು. ಎಂಜಿನ್ ಒಮ್ಮೆ ತಗ್ಗಿ, ಮತ್ತೆ ಸಮನಾಗಿ ಗುನುಗಿತು.

"ಬಂದ್ ಆಗವಲ್ದಲ್ರಿ."

"ನಿಮ್ಮನ್ನು ನೋಡಿ ಹೆದರಿರಬೇಕು."

"ನನ್ನ ನೋಡಿ ಯಾರೂ ಹೆದರೂದಿಲ್ರಿ. ಫ್ಯಾಕ್ಟರ್ಯಾಗ ಹೆಲ್ಪರ್ ಸುದ್ದಾ ಹೆದರೂದಿಲ್ಲ."

ಅವನು ತಲೆ ಎತ್ತಿದ. ಮೂಗಿನ ಮೇಲೆ ಗ್ರೀಸ್ ಹತ್ತಿತ್ತು. ಅವಳು ಹೇಳಲಿಲ್ಲ. ಹೇಳಿದರೆ ಒರೆಸಿಕೊಳ್ಳುತ್ತಿದ್ದ.

ಘಾಟ್ಕೋಪರಿನಲ್ಲಿ ಅವಳಿದ್ದ ಅಪಾರ್ಟ್‌ಮೆಂಟ್ ಸೊಸೈಟಿಯ ಪಾರ್ಕಿಂಗಿನಲ್ಲಿ ಅವರಿಬ್ಬರೂ ಮುಖಾಮುಖಿಯಾದದ್ದು ಅದೇ ಮೊದಲು. ಅದುವರೆಗೆ ಅವರ ಪರಿಚಯವೆಲ್ಲ ಆನ್‌ಲೈನ್ ಗ್ರೂಪಿನಲ್ಲಿ. ಇಬ್ಬರದೂ ಒಂದೇ ಮಾಡೆಲ್ ಕಾರು. ಕಂಪನಿ ಅದನ್ನು ತಯಾರಿಸುವುದು ನಿಲ್ಲಿಸಿ ಬಹಳ ಕಾಲವಾಗಿತ್ತು. ಗ್ಯಾರೇಜಿನವರು "ಮಾರಿಬಿಡಿ" ಎಂಬ ಒಂದೇ ಸಲಹೆ ಕೊಡುತ್ತಿದ್ದರು. ಹಾಗಾಗಿ ಶಹರದ ಒಂದು ತುದಿಯ ವಿರಾರ್‌ನಿಂದ ಇನ್ನೊಂದು ತುದಿಯ ಪನ್ವೇಲ್‌ವರೆಗಿನ ಮಾಲೀಕರು ಒಬ್ಬರ ಕಾರನ್ನು ಒಬ್ಬರು ಬದುಕಿಸಿಕೊಂಡಿದ್ದರು.

ಗ್ರೂಪಿನ ಅಡ್ಮಿನ್ ಪ್ರೀತಮ್ ಕಟ್ಟುನಿಟ್ಟಿನ ಮನುಷ್ಯ. ಕೇಳುವುದು, ಹೇಳುವುದು ಎಲ್ಲ ಬಹಿರಂಗವಾಗಿ ನಡೆಯಬೇಕು. ಖಾಸಗಿ ಮೆಸೇಜ್ ಕೂಡದು. ಕಾರು ರಿಪೇರಿಯಾದರೆ ಯಾವ ಉಪಾಯ ಫಲಿಸಿತು ಎಂದು ಮಾಲೀಕರು ಬರೆಯಲೇಬೇಕು. ಬರೆದ ಕೂಡಲೇ ಪ್ರೀತಮ್ ಆ ಥ್ರೆಡ್, ಅಂದರೆ ಆ ತೊಂದರೆಯ ಮಾತುಕತೆ, ಮುಚ್ಚುತ್ತಾನೆ. ಮುಂದೆ ಅದೇ ತೊಂದರೆ ಬಂದವರು ಅದನ್ನು ಓದಿ ತಮ್ಮ ಕಾರು ನೋಡಿಕೊಳ್ಳುತ್ತಾರೆ.

ನಮಿತಾ ಫಿಸಿಯೋಥೆರಪಿಸ್ಟ್. ದಿನವೆಲ್ಲ ಪೇಶೆಂಟ್‌ಗಳ ಮನೆ ಸುತ್ತುವ ಕೆಲಸ. ಎಸಿ ಹಾಕಿದರೆ ಸಿಗ್ನಲ್‌ನಲ್ಲಿ ಎಂಜಿನ್ ಸಾಯುತ್ತಿತ್ತು. ಒಂದು ದಿನ ವಿಕ್ರೋಲಿಯಲ್ಲಿ ಹಿಂದಿನ ಬಸ್ಸಿನವನಿಂದ ಮನಸಾರೆ ಬೈಸಿಕೊಂಡ ಮೇಲೆ ಗ್ರೂಪಿನಲ್ಲಿ ಹಿಂದಿಯಲ್ಲಿ ಬರೆದಳು. ಕೊನೆಗೆ ಸಿಟ್ಟಿನಲ್ಲಿ, ತನ್ನ ಕರಾವಳಿಯ ಕನ್ನಡದಲ್ಲಿ, "ಎಂತ ಮಾಡುದು ಮಾರಾಯ್ರೆ" ಎಂದು ಸೇರಿಸಿದಳು.

ಶಿವಪುತ್ರನ ಉತ್ತರ ಬಂದದ್ದು ಕನ್ನಡದಲ್ಲೇ. "ಥ್ರಾಟಲ್ ಬಾಡಿ ಬಿಚ್ಚಿ ತೊಳೀರಿ. ಎಂಜಿನ್ ಗಾಳಿ ತಗೊಳ್ಳೂದು ಅಲ್ಲಿಂದನ. ಹೊಲಸ ಕಟ್ಟಿರ್ತೈತಿ."

ಯಾವ ಸ್ಕ್ರೂ, ಯಾವ ಪೈಪು ಎಂದು ಫೋಟೋ ಹಾಕಿ ಹಾಕಿ ಹೇಳಿಕೊಟ್ಟ. ಅವಳು ತೊಳೆದಳು. ಕಾರು ಅಂದೇ ಸರಿಹೋಯಿತು.

"ಹೆಂಗೈತ್ರಿ ಈಗ?" ಎಂದು ಕೇಳಿದ.

"ಸರಿ ಆಯ್ತು" ಎಂದು ಟೈಪ್ ಮಾಡಿದಳು. ಕಳಿಸಿದರೆ ಥ್ರೆಡ್ ಮುಚ್ಚುತ್ತದೆ. ಇವನು ಇನ್ನೊಬ್ಬರ ಕಾರಿಗೆ ಹೋಗುತ್ತಾನೆ. ಅಳಿಸಿದಳು. "ಸ್ವಲ್ಪ ಬೆಟರ್. ಪೂರಾ ಹೋಗ್ಲಿಲ್ಲ" ಎಂದು ಬರೆದಳು.

ಅದು ಸುಳ್ಳು. ದೊಡ್ಡದೆಂದು ಅವಳಿಗೆ ಅನಿಸಲಿಲ್ಲ. ಎಕ್ಸರ್‌ಸೈಜ್ ಮಾಡಿದೆವೆಂದು ಪೇಶೆಂಟ್‌ಗಳು ಅವಳಿಗೆ ದಿನವೂ ಸುಳ್ಳು ಹೇಳುತ್ತಿದ್ದರು.

ಆಮೇಲೆ ಮಾತಿಗೆ ಸ್ಪಾರ್ಕ್ ಪ್ಲಗ್ ಬಂತು, ಸೆನ್ಸರ್ ಬಂತು, ವೈರಿಂಗ್ ಬಂತು. ಅವುಗಳ ನಡುವೆ ಜೋಗೇಶ್ವರಿಯಲ್ಲಿ ಅವನು ಸೂಪರ್‌ವೈಸರ್ ಆಗಿರುವ ಪ್ಲಾಸ್ಟಿಕ್ ಯುನಿಟ್ಟು, ಅವನ ರೂಮಿನವರ ಗೊರಕೆ, ಅಲ್ಲಿನ ಉಡುಪಿ ಹೋಟೆಲಿನ ಸಿಹಿ ಸಾಂಬಾರು ಕೂಡ ಬಂದವು.

"ಸಾಂಬಾರಿಗೆ ಬೆಲ್ಲ ಹಾಕ್ತಾರಲ್ರಿ ನಿಮ್ಮ ಮಂದಿ, ಯಾಕ?"

"ನಿಮ್ಮ ಖಾರ ತಿಂದು ಬಂದವರು ಸಾಯಬಾರದು ಅಂತ."

ಗಾಡಿಯ ಮಾತು ಮಾತ್ರ ಆಡಿ ಎಂದು ಪ್ರೀತಮ್ ಆಗಾಗ ಹಿಂದಿಯಲ್ಲಿ ಗದರುತ್ತಿದ್ದ: "ಭಾಯ್, ಯಹಾಂ ಗಾಡಿ ಕೀ ಬಾತ್ ಕರೋ."

ಕೊನೆಗೆ ಶಿವಪುತ್ರ, ಕಣ್ಣಾರೆ ನೋಡ್ತೀನಿ ಎಂದು, ತನ್ನ ಗಾಡಿಯನ್ನು ಅಪ್ಪನ ಓಡಾಟಕ್ಕೆ ಊರಿಗೆ ಕಳಿಸಿದ್ದರಿಂದ, ರಜೆಯ ದಿನ ರೈಲು ಹತ್ತಿ ಬಂದಿದ್ದ. ಈಗ ಬಾನೆಟ್ ಮುಚ್ಚಿ ಸಪ್ಪಗೆ ನಿಂತ.

"ತಿಳೀವಲ್ದು ನೋಡ್ರಿ. ನಾ ಹೇಳಿದ್ದ ತಪ್ಪಾತೇನೋ."

ನಿಜ ಹೇಳುವುದಿದ್ದರೆ ನಮಿತಾ ಆಗಲೇ ಹೇಳಬೇಕಿತ್ತು.

"ಇನ್ನೊಂದು ಸಲ ಬಂದು ನೋಡಿ," ಅಂದಳು.

"ಗಾಡಿ ನೋಡಾಕೇನ್ರಿ?"

"ಮತ್ತೆಂತ ನೋಡ್ಲಿಕ್ಕೆ?"

ಅವನು ಅವಳ ಕಡೆ ನೋಡಿ, ಬೇಗನೆ ಟೈರಿನ ಕಡೆ ನೋಡಿದ. ಕಿವಿ ಕೆಂಪಾಗಿತ್ತು. ಅವಳಿಗೆ ಆ ವಾರಕ್ಕೆ ಅಷ್ಟು ಸಾಕಾಯಿತು.

ಆ ವಾರ ಮುಗಿಯುವ ಮೊದಲೇ ಗ್ರೂಪಿನಲ್ಲಿ ಬೊರಿವಲಿಯ ಭೀಮರಾಯ ಎಂಬವರು ಬರೆದರು. ಗಂಡ ಹೆಂಡತಿ ಜೋಳದ ರೊಟ್ಟಿ ಮಾಡಿ ಜೋಗೇಶ್ವರಿಯ ಮೆಸ್ಸುಗಳಿಗೆ ಕೊಡುವವರು.

"ನಮಸ್ಕಾರ. ನನ್ನ ಗಾಡಿಗೂ ಇದೇ ರೋಗ. ನಮಿತಾ ಮೇಡಮ್ ಬರೆದದ್ದು ಪೂರಾ ಓದಿದೆ. ಅಷ್ಟೆಲ್ಲಾ ಮಾಡಿದ್ರೂ ಹೋಗೂದಿಲ್ಲ ಅಂದ್ರ ನನ್ನ ಕೈಲೆ ಆಗೂದಲ್ಲ. ಗುಜರಿಯವಗ ಕೊಟ್ಟುಬಿಟ್ಟೆ. ಅವ ಬಿಚ್ಚಿಯೂ ಹಾಕಿದ. ರೊಟ್ಟಿ ಇನ್ನ ಲೋಕಲ್ ರೈಲಿನ್ಯಾಗ ಒಯ್ತೀವಿ. ಎಲ್ಲಾರಿಗೂ ಥ್ಯಾಂಕ್ಸ್."

ಕೆಳಗೆ ಶಿವಪುತ್ರ ಬರೆದಿದ್ದ: "ಕಾಕಾ, ತಪ್ಪು ನಂದು. ನಾ ಹೇಳಿದ ಉಪಾಯ ಸುಳ್ಳಾತು."

ನಮಿತಾ ಪೇಶೆಂಟ್ ಒಬ್ಬರ ಮೊಣಕಾಲು ಹಿಡಿದುಕೊಂಡೇ ಅದನ್ನು ಓದಿದಳು. ಸುಮ್ಮನಿದ್ದರೆ ಅವನು ಉಳಿಯುತ್ತಾನೆ. ನಿಜ ಹೇಳಿದರೆ ಬಹುಶಃ ಹೋಗುತ್ತಾನೆ. ಲೆಕ್ಕ ಇಷ್ಟೇ ಇತ್ತು. ಆದರೆ ಅವನು ತನ್ನದಲ್ಲದ ತಪ್ಪನ್ನು ಹೊತ್ತು ನಿಂತದ್ದನ್ನು ನೋಡಲು ಅವಳಿಂದ ಆಗಲಿಲ್ಲ. ಕೆಳಗಿಳಿದು ಬಂದು ಕಾರಿನಲ್ಲಿ ಕುಳಿತು ಬರೆದಳು:

"ನನ್ನ ಕಾರು ಮೊದಲ ದಿನವೇ ಸರಿಯಾಗಿತ್ತು. ಶಿವಪುತ್ರ ಹೇಳಿದ ಹಾಗೆ ಥ್ರಾಟಲ್ ತೊಳೆದೆ, ಅಷ್ಟೇ. ಆಮೇಲೆ ಬರೆದದ್ದೆಲ್ಲ ಸುಳ್ಳು. ಅವರು ನನ್ನ ಜೊತೆ ಮಾತಾಡುವುದು ನಿಲ್ಲಬಾರದು ಅಂತ ಬರೆದೆ. ಭೀಮರಾಯರೇ, ನಿಮ್ಮ ಕಾರು ಹೋದದ್ದು ನನ್ನಿಂದ."

ಹಿಂದಿಯಲ್ಲೂ ಬರೆದಳು, ಎಲ್ಲರಿಗೂ ತಿಳಿಯಲೆಂದು. ಕೆಲವರು ನಕ್ಕರು, ಕೆಲವರು ಬೈದರು, ಒಬ್ಬ ಮದುವೆ ಯಾವಾಗ ಎಂದು ಕೇಳಿದ. ಪ್ರೀತಮ್ ಥ್ರೆಡ್ ಮುಚ್ಚಿ ಅವಳನ್ನು ಗ್ರೂಪಿನಿಂದ ತೆಗೆದುಹಾಕಿದ.

ಭಾನುವಾರ ಅವಳು ಜೋಗೇಶ್ವರಿಯ ಮೆಸ್ಸಿನವರಲ್ಲಿ ವಿಳಾಸ ಕೇಳಿಕೊಂಡು, ಕಾರು ತೆಗೆದುಕೊಂಡು ಬೊರಿವಲಿಗೆ ಹೋದಳು. ಸಾಲುಕೋಣೆಗಳ ಚಾಳಿನಲ್ಲಿ, ಮನೆಯ ಬಾಗಿಲಲ್ಲಿ ಭೀಮರಾಯರ ಹೆಂಡತಿ ಮಲ್ಲಕ್ಕ ರೊಟ್ಟಿ ಎಣಿಸುತ್ತ ಕುಳಿತಿದ್ದಳು.

"ನೀನ ಏನವ್ವಾ ಆ ಸುಳ್ಳುಗಾರ್ತಿ?"

"ಹೌದು."

"ಮಾರಿ ನೋಡಿದ್ರ ಹಂಗ ಕಾಣ್ಸೂದಿಲ್ಲ."

"ಕಂಡಿದ್ರ ಸುಳ್ಳು ನಡೀತಿತ್ತೇನ?" ಒಳಗಿಂದ ಭೀಮರಾಯರು ಅಂದರು.

ಕಟಕ್ ರೊಟ್ಟಿ ಹಪ್ಪಳದಂಥದ್ದು. ಲೋಕಲ್‌ನ ನೂಕುನುಗ್ಗಲಿನಲ್ಲಿ ಅರ್ಧಕ್ಕರ್ಧ ಮುರಿಯುತ್ತಿತ್ತು. ಮುರಿದದ್ದನ್ನು ಮೆಸ್ಸಿನವರು ತೆಗೆದುಕೊಳ್ಳುತ್ತಿರಲಿಲ್ಲ. ನೀವು ಬೇರೆ ಗಾಡಿ ತಗೊಳ್ಳುವವರೆಗೆ ನಾನು ಮುಟ್ಟಿಸುತ್ತೇನೆ, ದಿನಾ ಕೆಲಸಕ್ಕೆ ಮೊದಲು, ಎಂದಳು ನಮಿತಾ.

ಭೀಮರಾಯರು ಅವಳನ್ನು ಅಳೆದು ನೋಡಿದರು. "ಸಿಟ್ಟು ಐತಿ ನೋಡವ್ವಾ. ಖರೇ ಹೇಳ್ತೀನಿ. ಆದ್ರ ರೊಟ್ಟಿ ಮೊದ್ಲ ಮುಟ್ಟಬೇಕು. ಏ ಶಿವಪುತ್ರಾ, ಬುಟ್ಟಿ ತಗೊಂಬಾರೋ!"

ಒಳಗಿನಿಂದ ಬುಟ್ಟಿ ಹೊತ್ತುಕೊಂಡು ಶಿವಪುತ್ರ ಬಂದ. ಅವನೂ ರೊಟ್ಟಿ ಹೊರಲು ಬಂದಿದ್ದ. ಅವಳನ್ನು ನೋಡಿ ನಿಂತ. ಆಮೇಲೆ ಒಂದೊಂದೇ ಬುಟ್ಟಿ ತಂದು ಕಾರಿನ ಹಿಂದಿನ ಸೀಟು ತುಂಬಿಸಿದ. ಕೊನೆಯ ಬುಟ್ಟಿಯನ್ನು ಮುಂದಿನ ಸೀಟಿನಲ್ಲಿಟ್ಟ.

"ಬೈಯಿರಿ," ಅಂದಳು ನಮಿತಾ.

"ಬೈದು ಏನ್ಮಾಡೂದ್ರಿ. ಈ ಶಹರಕ್ಕ ಬಂದಾಗ ನಂಗ ಯಾರೂ ಗೊತ್ತಿರಲಿಲ್ಲ. ಗಾಡಿ ಕೆಟ್ಟು ಹೈವೇ ಮ್ಯಾಲೆ ನಿಂತಾಗ ಆ ಗ್ರೂಪ್ ಒಂದ ಕೈ ಹಿಡೀತು. ಯಾರೋ ಕಂಡಿಲ್ಲದವ್ರು ಬರದದ್ದು. ಖರೇ ಇತ್ತು, ಅದಕ್ಕ ಮನಿ ಮುಟ್ಟಿದೆ."

ಅವಳು ಮುಂದಿನ ಸೀಟಿನ ಬುಟ್ಟಿಯನ್ನು ಸರಿಮಾಡಿ ಇಟ್ಟಳು.

"ನಂಬರ್ ಕೇಳಿದ್ರ ಕೊಡ್ತಿದ್ನಲ್ರಿ."

"ನೀವೂ ಕೇಳ್ಬಹುದಿತ್ತು."

"ಹೌದು. ಧೈರ್ಯ ಆಗ್ಲಿಲ್ಲ." ಅವನು ಕೈ ಒರೆಸಿಕೊಂಡ. "ನಿಮ್ಮ ಗಾಡಿ ಜಲ್ದಿ ಸರಿ ಆಗಬಾರ್ದು ಅಂತ ನನಗೂ ಅನ್ಸಿತ್ರಿ. ಆದ್ರ ನಾ ತಪ್ಪು ಉಪಾಯ ಹೇಳ್ಲಿಲ್ಲ."

"ನನ್ನ ಮೇಲೆ ಇಷ್ಟ ಉಂಟಾ, ಇಲ್ವಾ? ಅದೊಂದು ಹೇಳಿ."

"ಐತಿ. ನಂಬಿಕಿ ಇಲ್ಲ."

"ಬರ್ತದಾ?"

"ಗೊತ್ತಿಲ್ರಿ. ಬಂದ ದಿನ ಹೇಳ್ತೀನಿ."

"ಏ, ನಿಂತ ಮಾತಾಡ್ತೀರೇನ? ಮೆಸ್ಸಿನ್ಯಾಗ ಮಂದಿ ಉಪಾಸ ಕುಂತಾರ!" ಎಂದು ಮಲ್ಲಕ್ಕ ಕೂಗಿದಳು.

ನಮಿತಾ ಸ್ಟೀರಿಂಗ್ ಮುಂದೆ ಕುಳಿತಳು. ಜೋಗೇಶ್ವರಿಗೆ ಲೋಕಲ್ ಇತ್ತು. ಅವನು ಸ್ಟೇಷನ್ನಿಗೆ ನಡೆದುಹೋಗಬಹುದಿತ್ತು. ಅವನು ಮುಂದಿನ ಬಾಗಿಲು ತೆರೆದು, ಬುಟ್ಟಿ ಎತ್ತಿ, ತಾನು ಕುಳಿತು ಅದನ್ನು ತೊಡೆಯ ಮೇಲಿಟ್ಟುಕೊಂಡ.

"ಸಾವಕಾಶ ಹೊಡೀರಿ."

ಗಲ್ಲಿಯ ಮೊದಲ ಸ್ಪೀಡ್ ಬ್ರೇಕರ್ ಅನ್ನು ಅವಳು ಉಸಿರು ಹಿಡಿದು ದಾಟಿದಳು. ಆದರೂ ಬುಟ್ಟಿಯಲ್ಲಿ ಲಟಕ್ಕೆಂದಿತು.

"ಮುರೀತಾ?"

"ಒಂದು ಹೋತು."

ಅವನು ಮುರಿದ ರೊಟ್ಟಿಯಲ್ಲಿ ಒಂದು ತುಂಡು ತಾನು ಬಾಯಿಗೆ ಹಾಕಿಕೊಂಡ. ಇನ್ನೊಂದನ್ನು ಅವಳ ಕಡೆ ಚಾಚಿದ. ಅವಳ ಎರಡೂ ಕೈ ಸ್ಟೀರಿಂಗ್ ಮೇಲಿದ್ದವು. ಸ್ವಲ್ಪ ಯೋಚಿಸಿ, ಬಾಯಿಗೇ ಹಿಡಿದ.

ಜೋಳದ ರೊಟ್ಟಿ ಅವಳಿಗೆ ಅಭ್ಯಾಸವಿರಲಿಲ್ಲ. ಗಟ್ಟಿಯಾಗಿತ್ತು. ರಸ್ತೆಯಿಂದ ಕಣ್ಣು ತೆಗೆಯದೆ, ನಿಧಾನವಾಗಿ ಅಗಿದು ತಿಂದಳು.