ಬೀಫಾತುಮ್ಮ ಕೊಟ್ಟ ರಕ್ತ

ಇದು ೧೯೯೭ರಲ್ಲಿ, ಗಲ್ಫಿನ ಬೌಷರ್ ಎಂಬ ಊರಿನಲ್ಲಿ ನಾನು ಕೆಲಸಕ್ಕಿದ್ದ ಡಿಎನ್‌ಎ ಪರೀಕ್ಷಾಲಯದಲ್ಲಿ ನಡೆದದ್ದು. ಮೀನಿಗೆ ಹೋದ ಮಗ ಆದಂ ಮರಳಿ ಬಾರದಿದ್ದಾಗ, ದಡಕ್ಕೆ ಬಂದ ಶವವೊಂದನ್ನು ಗುರುತಿಸಲೆಂದು ಬೀಫಾತುಮ್ಮ ತಾವಾಗಿಯೇ ರಕ್ತ ಕೊಟ್ಟಿದ್ದರು. ಶವ ಅವನದಲ್ಲ ಎಂದಾಯಿತು. ಪ್ರಕರಣ ಮುಗಿದ ಮೇಲೆ, ಕೊಟ್ಟವರು ಒಪ್ಪಿಗೆ ಬರೆದುಕೊಡದ ಹೊರತು ಅಂಥ ರಕ್ತವನ್ನು ಇಟ್ಟುಕೊಳ್ಳುವಂತಿಲ್ಲ. ನಮ್ಮಲ್ಲಿ ಅದೇ ನಿಯಮ.

ನಾಶಮಾಡಲು ಅವರ ರಕ್ತದ ಟ್ಯೂಬನ್ನು ಫ್ರೀಜರಿನಿಂದ ತೆಗೆದೆ. ಉಳಿದ ಟ್ಯೂಬುಗಳೆಲ್ಲ ಕಲ್ಲಿನಂತೆ ಗಟ್ಟಿಯಾಗಿದ್ದವು. ಅದೊಂದು ಮಾತ್ರ ನಿದ್ದೆಹೋದ ಮಗುವಿನ ಅಂಗೈಯಂತೆ ಬೆಚ್ಚಗಿತ್ತು. ಮನಸ್ಸಾಗದೆ ಒಳಗಿಟ್ಟೆ. ಮರುದಿನವೂ ಹಾಗೆಯೇ ಇತ್ತು. ಮೂರನೆಯ ದಿನ ಅವರಿಗೆ ಫೋನ್ ಮಾಡಿ, ನಿಯಮವನ್ನಷ್ಟೇ ತಿಳಿಸಿದೆ.

"ಬಿಸಾಡ್ಬೇಡ ಮಗಳೇ," ಎಂದರು. "ರಕ್ತ ಕೊಟ್ಟ ಕೈ ಮೂರು ದಿನದಿಂದ ಐಸಿನ ಹಾಗೆ ಉಂಟು. ನನ್ನ ಆದಂ ಹಿಡ್ಕೊಂಡಿದ್ದಾನೆ ಅಂತ ಕಾಣ್ತದೆ."

ಮಧ್ಯಾಹ್ನವೇ ತಾವಿದ್ದ ಊರು ಅಲ್ ಹೈಲಿನಿಂದ ಬಂದರು. ಒಪ್ಪಿಗೆಪತ್ರಕ್ಕೆ ಹೆಬ್ಬೆಟ್ಟು ಒತ್ತಿಸಲು ಅವರ ಕೈ ಹಿಡಿದಾಗ ನನ್ನ ಮೊಣಕೈಯವರೆಗೆ ಚಳಿ ಹತ್ತಿತು.

"ಉಮ್ಮಾ, ಡಾಕ್ಟರಿಗೆ ತೋರಿಸುವ," ಎಂದೆ.

"ಬೇಡ, ಇರ್ಲಿ," ಎಂದು ನಕ್ಕು, ಆ ಕೈಯನ್ನು ಜೋಪಾನವಾಗಿ ಸೆರಗಿನೊಳಗೆ ಮುಚ್ಚಿಕೊಂಡರು.

ಆಮೇಲೆ ಎರಡು ವರ್ಷ ನಾನು ಅಲ್ಲಿದ್ದೆ. ಆ ಟ್ಯೂಬು ಒಮ್ಮೆಯೂ ತಣ್ಣಗಾಗಲಿಲ್ಲ.