ಅಜ್ಜಿಯ ಪದದ ಹಿಂದಿನ ಸದ್ದು

“ಅಲ್ಲೇ! ಅಲ್ಲೇ ನಿಲ್ಸು ಅಕ್ರಮಣ್ಣ! ಈಗ ಬಂತಲ್ಲ, ಅದೇ!”

ನಯನ ದೊಡ್ಡ ಹೆಡ್‌ಫೋನನ್ನು ಎರಡೂ ಕೈಯಿಂದ ಕಿವಿಗೆ ಒತ್ತಿ ಹಿಡಿದಿದ್ದಳು. ತಾನು ಕೂಗುತ್ತಿದ್ದೇನೆ ಎಂಬುದು ಅವಳಿಗೇ ಗೊತ್ತಿರಲಿಲ್ಲ. ಮೊಬೈಲಿಗೆ ಗ್ಲಾಸ್ ಹಾಕಿಸಲು ನಿಂತಿದ್ದವರೆಲ್ಲ ತಿರುಗಿ ನೋಡಿದರು.

“ಮೆಲ್ಲಗೆ ಕಣೆ, ಮಾನ ತೆಗೀಬೇಡ,” ಎಂದು ಶೀಬಾ ಅವಳ ತೋಳು ಚಿವುಟಿದಳು.

ಶೀಬಾ ಮತ್ತು ನಯನ ಒಂದೇ ಬೆಂಚಿನವರು. ಮೊಬೈಲ್ ಅಂಗಡಿಯ ಅಕ್ರಮ್ ಶೀಬಾಳ ಅಣ್ಣ. ರಾಮನಗರದ ಆ ರಸ್ತೆಯಲ್ಲಿ ಸಿಡಿ ಹಾಕುವಂಥ ಹಳೇ ಕಂಪ್ಯೂಟರ್ ಉಳಿದಿದ್ದು ಅವನ ಅಂಗಡಿಯಲ್ಲಿ ಮಾತ್ರ. ಅದೂ ಪಕ್ಕಕ್ಕೆ ಎರಡು ಏಟು ಕೊಟ್ಟರೇ ಬಾಯಿ ತೆರೆಯುತ್ತಿತ್ತು.

ಅಕ್ರಮ್ ಹೆಡ್‌ಫೋನ್ ಇಸಿದುಕೊಂಡು ಕೇಳಿದ. ಹೆಂಗಸೊಬ್ಬರು ಸೋಬಾನೆ ಪದ ಹಾಡುತ್ತಿದ್ದರು. ತುಂಬಿದ ದನಿ. ಆ ದನಿಯ ಹಿಂದೆ, ತೀರಾ ದೂರದಲ್ಲಿ, ಏನೋ ಒಂದು ಸರಸರ ಸದ್ದು.

“ಹೂಂ, ಐತೆ,” ಎಂದ.

“ಸಿಡಿ ಹಾಳಾಗೈತಾ?”

“ತಡಿ, ನೋಡೋಣ.”

ಸಿಡಿ ನಯನಳ ಅಜ್ಜಿ ಮಾಯಮ್ಮನದು. ನಯನ ಹುಟ್ಟುವುದಕ್ಕೆ ಮುಂಚೆ, ಅಜ್ಜಿ ಇನ್ನೂ ಕಬ್ಬಾಳಿನ ಹತ್ತಿರದ ಊರಲ್ಲಿದ್ದಾಗ, ಪದಗಳನ್ನು ಕಲೆಹಾಕುವ ಮೇಷ್ಟ್ರೊಬ್ಬರು ಬಂದು ರೆಕಾರ್ಡ್ ಮಾಡಿಕೊಂಡು ಹೋಗಿದ್ದರಂತೆ. ಆಮೇಲೆ ಒಂದು ಸಿಡಿ ಕಳಿಸಿಕೊಟ್ಟಿದ್ದರು. ಅದರಲ್ಲಿ ಇದ್ದದ್ದು ಎರಡೇ ಪದ. ಅಜ್ಜಿ ಅದನ್ನು ಸೀರೆ ಮಡಿಕೆಯೊಳಗೆ ಇಟ್ಟು ಟ್ರಂಕಿನ ತಳ ಸೇರಿಸಿದ್ದರು. ಅಜ್ಜಿ ತೀರಿಕೊಂಡ ಮೇಲೆ ಟ್ರಂಕ್ ತೆಗೆದಾಗಲೇ ಅದು ಸಿಕ್ಕಿದ್ದು.

ಅಕ್ರಮ್ ಸಿಡಿಯನ್ನು ಮೆತ್ತನೆ ಬಟ್ಟೆಯಿಂದ ಒರೆಸಿ ಮತ್ತೆ ಹಾಕಿದ. ಸಿಡಿಯೊಳಗಿನ ಹಾಡನ್ನು ಕಂಪ್ಯೂಟರಿಗೆ ಇಳಿಸುವುದಕ್ಕೆ ರಿಪ್ ಮಾಡುವುದು ಎನ್ನುತ್ತಾರೆ ಎಂದು ಹೇಳಿಕೊಟ್ಟ. ಎರಡನೇ ಸಲ ರಿಪ್ ಮಾಡಿದಾಗಲೂ ಸರಸರ ಹಾಗೇ ಇತ್ತು. ಯಾವುದೋ ಸಿನಿಮಾ ಹಾಡಿನ ಸಿಡಿ ಹಾಕಿದ. ಅದು ಕನ್ನಡಿಯ ಹಾಗೆ ಸ್ವಚ್ಛವಾಗಿ ಕೇಳಿತು.

“ನನ್ನ ಡ್ರೈವ್ ಸರಿಯಾಗೈತೆ. ಗೀರು ಬಿದ್ದಿದ್ರೆ ಟಕ್ ಟಕ್ ಅಂತ ಹಾಡು ಹಾರ್ಬೇಕು, ಹಾರ್ತಿಲ್ಲ. ಒಂದೋ ರೆಕಾರ್ಡ್ ಮಾಡಿದಾಗ್ಲೇ ಮೈಕ್ ಕೆಟ್ಟಿರ್ಬೇಕು. ಇಲ್ದಿದ್ರೆ...” ಅಕ್ರಮ್ ಸಿಡಿಯನ್ನು ಬೆಳಕಿಗೆ ಹಿಡಿದ. ಅಂಚಿನಲ್ಲಿ ಬೆಳ್ಳಿ ಬಣ್ಣ ಎದ್ದು, ಆಚೆಗಿನ ಬಲ್ಬು ಚುಕ್ಕಿ ಚುಕ್ಕಿಯಾಗಿ ಕಾಣುತ್ತಿತ್ತು. “ಹಳೇ ಸಿಡಿ ಒಳಗೊಳಗೇ ಕೊಳೀತವೆ. ಒಸಿ ದನಿ ಅದರಲ್ಲೇ ಹೋಗಿರ್ಬೋದು.”

“ನಮ್ಮನೇಲಿ ಬಾಂಡ್ಲಿಗೆ ಗೂಡು ಹಾಕಿ ಕುದಿಸ್ತಾರಲ್ಲ, ಆ ನೀರಿನ ಸದ್ದೂ ಹಿಂಗೇ ಕಣೆ,” ಎಂದಳು ಶೀಬಾ. ಅವರ ಮನೆಯಲ್ಲಿ ರೇಷ್ಮೆ ನೂಲು ತೆಗೆಯುವ ಕೆಲಸ.

“ನಮ್ಮಜ್ಜಿ ನೂಲು ತೆಗೀತಿರ್ಲಿಲ್ಲ.”

“ಹಂಗಾದ್ರೆ ಅನ್ನಕ್ಕೆ ಎಸರಿಟ್ಟಿರ್ಬೇಕು, ಹೋಗೇ.”

ಅಕ್ರಮ್ ಎರಡನೇ ಪದ ಹಾಕಿದ. ಅದರಲ್ಲಿ ಸರಸರ ಇರಲೇ ಇಲ್ಲ. ಆದರೆ ದನಿ ಎಷ್ಟು ಮೆಲ್ಲಗಿತ್ತೆಂದರೆ, ಯಾರೋ ಬಾಗಿಲ ಸಂದಿಯಿಂದ ಹಾಡಿದ ಹಾಗಿತ್ತು.

“ಇದರಲ್ಲಿ ವಾಲ್ಯೂಮೇ ಇಲ್ಲ. ಎರಡೂ ಡಿಫೆಕ್ಟು,” ಎಂದ ಅಕ್ರಮ್. “ಬೇಜಾರಾಗ್ಬೇಡ. ಒಂದರಲ್ಲಿ ನಾಯ್ಸ್ ತೆಗ್ದು, ಇನ್ನೊಂದರಲ್ಲಿ ದನಿ ಏರಿಸಿ ಕೊಡ್ತೀನಿ. ಶನಿವಾರ ಬಾ.”

ಭಾನುವಾರ ಊರಲ್ಲಿ ಅಜ್ಜಿಯ ವರ್ಷದ ಎಡೆ. ದೊಡ್ಡಪ್ಪನ ಮನೆಗೆ ನೆಂಟರೆಲ್ಲ ಬರುತ್ತಾರೆ. ಆವತ್ತು ಅಜ್ಜಿಯ ಪದ ಹಾಕಬೇಕೆಂದು ಅಪ್ಪ ಹೇಳಿದ್ದರು. ನಯನಳಿಗೆ ಅದಕ್ಕಿಂತ ದೊಡ್ಡದೊಂದು ಚಿಂತೆ ಇತ್ತು. ಅದನ್ನು ಅವಳು ಯಾರಿಗೂ ಹೇಳಿರಲಿಲ್ಲ. ಅಜ್ಜಿಯ ದನಿ ಅವಳಿಗೆ ಮರೆತುಹೋಗುತ್ತಿತ್ತು.

ಮುಖ ನೆನಪಿತ್ತು. ಎಲೆ ಅಡಿಕೆಯ ವಾಸನೆ ನೆನಪಿತ್ತು. ರಾತ್ರಿ ತನ್ನ ಮೇಲೆ ಬೀಳುತ್ತಿದ್ದ ಕೈಯ ತೂಕ ಕೂಡ ನೆನಪಿತ್ತು. ದನಿಯನ್ನು ನೆನೆಸಿಕೊಳ್ಳಲು ಹೋದರೆ ಮಾತ್ರ ಬರೀ ತುಟಿ ಆಡುತ್ತಿದ್ದುದು ಕಾಣುತ್ತಿತ್ತು.

ಅವಳಿಗೆ ತಿಳಿವಳಿಕೆ ಬಂದಾಗ ಅಜ್ಜಿ ಆಗಲೇ ರಾಮನಗರದ ಮನೆಗೆ ಬಂದಿದ್ದರು. “ಒಂದು ಪದ ಹೇಳಜ್ಜಿ,” ಎಂದು ಎಷ್ಟೋ ಸಲ ಕಾಡಿದ್ದಳು. “ಇಲ್ಲಿ ಬರಾಕಿಲ್ಲ ಕಣವ್ವ,” ಎನ್ನುತ್ತಿದ್ದರು ಅಜ್ಜಿ. ಸೋನೆಮಳೆ ಹಿಡಿದು ತಗಡಿನ ಮೇಲೆ ಸಣ್ಣಗೆ ಸದ್ದಾದರೆ ಮಾತ್ರ ಬಾಗಿಲಲ್ಲಿ ಕೂತು ಏನೋ ಗುನುಗುತ್ತಿದ್ದರು. ನಯನ ಹತ್ತಿರ ಹೋದರೆ ಅದೂ ನಿಂತುಹೋಗುತ್ತಿತ್ತು.

ಸಿಡಿಯಲ್ಲಿರುವುದಾದರೂ ಪೂರ್ತಿ ಅಜ್ಜಿಯ ದನಿಯೋ? ಇಲ್ಲಾ, ಕೊಳೆತು ಉಳಿದದ್ದೋ?

ಆ ಸಂಜೆ ಅಪ್ಪ ಗೂಡ್ಸ್ ಆಟೊ ನಿಲ್ಲಿಸಿ ಒಳಗೆ ಬಂದ ಕೂಡಲೇ ನಯನ ಅವರ ಎರಡೂ ಕಿವಿಗೆ ಇಯರ್‌ಫೋನ್ ಸಿಕ್ಕಿಸಿದಳು. ಅಕ್ರಮ್ ಪದಗಳನ್ನು ಅಮ್ಮನ ಮೊಬೈಲಿಗೂ ಹಾಕಿಕೊಟ್ಟಿದ್ದ. ಅಪ್ಪ ಗೋಡೆಗೆ ಒರಗಿ ಕಣ್ಣು ಮುಚ್ಚಿದರು.

“ಹಿಂದೆ ಸದ್ದು ಬರ್ತೈತಲ್ಲ ಅಪ್ಪ, ಅದೇನು?”

“ಸದ್ದಾ? ಎಲ್ಲೈತೆ?”

“ಸರಸರ ಅಂತೈತಲ್ಲ!”

“ಏನೂ ಇಲ್ಲ ಕಣ್ ಮಗ. ಅವ್ವ ಪದ ಹೇಳ್ತಾವ್ಳೆ, ಅಷ್ಟೇಯ.”

ನಯನ ಒಂದು ಇಯರ್‌ಫೋನ್ ಕಿತ್ತು ತನ್ನ ಕಿವಿಗೆ ಇಟ್ಟುಕೊಂಡಳು. ಸದ್ದು ಇದ್ದೇ ಇತ್ತು. ದಿನವಿಡೀ ಆಟೊ ಓಡಿಸಿ ಓಡಿಸಿ ಅಪ್ಪನ ಕಿವಿ ಮಂದವಾಗಿದೆ ಎಂದುಕೊಂಡಳು.

ಎರಡನೇ ಪದ ಶುರುವಾಯಿತು. ಸ್ವಲ್ಪ ಹೊತ್ತಾದ ಮೇಲೆ ಅಪ್ಪ ಕಣ್ಣು ತೆರೆಯದೆ, “ಒಂದ್ ಲೋಟ ನೀರು ಕೊಡವ್ವ,” ಎಂದರು. ಪಿಸುದನಿಯಲ್ಲಿ. ಅಪ್ಪ ಪಿಸುಗುಟ್ಟಿದ್ದನ್ನು ನಯನ ಅದುವರೆಗೆ ಕೇಳಿಯೇ ಇರಲಿಲ್ಲ.

ಶನಿವಾರ ಅಕ್ರಮ್ ಪೆನ್ ಡ್ರೈವ್ ಕೊಟ್ಟ. ಅದರಲ್ಲಿ ಹಳೆಯದೂ ಇತ್ತು, ಕ್ಲೀನ್ ಮಾಡಿದ್ದೂ ಇತ್ತು.

“ಕೇಳು, ಈಗ ಹೆಂಗೈತೆ!” ಎಂದು ಹೆಡ್‌ಫೋನ್ ತೊಡಿಸಿದ.

ಸರಸರ ಪೂರಾ ಮಾಯವಾಗಿತ್ತು. ಆದರೆ ಅಜ್ಜಿ ಬಿಂದಿಗೆಯೊಳಗೆ ಬಾಯಿಟ್ಟು ಹಾಡಿದಂತೆ ಕೇಳಿತು. ಸಾಲು ಮುಗಿಸಿ ಅವರು ಉಸಿರು ಎಳೆದುಕೊಳ್ಳುತ್ತಿದ್ದದ್ದು ಇರಲಿಲ್ಲ. ಒಂದು ಸಾಲಿಗೂ ಇನ್ನೊಂದು ಸಾಲಿಗೂ ನಡುವೆ ಏನೆಂದರೆ ಏನೂ ಇರಲಿಲ್ಲ. ಕರೆಂಟ್ ಹೋದ ಹಾಗೆ. ಎರಡನೇ ಪದದಲ್ಲಂತೂ ಅಜ್ಜಿ ಯಾರನ್ನೋ ಕೂಗಿ ಕರೆಯುತ್ತಿರುವಂತಿತ್ತು.

“ಸೂಪರ್ ಅಲ್ವಾ?” ಎಂದ ಅಕ್ರಮ್. ಎರಡು ಸಂಜೆ ಕೂತು ಮಾಡಿದ ಕೆಲಸ ಅದು.

“ಹೂಂ,” ಎಂದಳು ನಯನ. “ಥ್ಯಾಂಕ್ಸ್ ಅಕ್ರಮಣ್ಣ.”

ಅಂಗಡಿಯಿಂದ ಇಳಿದ ಮೇಲೆ ಶೀಬಾ ಅವಳ ಮುಖ ನೋಡಿ, “ಚೆನ್ನಾಗಿಲ್ವಾ?” ಎಂದು ಕೇಳಿದಳು.

“ಯಾವುದು ಅಜ್ಜಿ ದನಿ ಅಂತಾನೇ ಗೊತ್ತಾಗ್ತಿಲ್ಲ ಕಣೆ,” ಎಂದಳು ನಯನ.

ಭಾನುವಾರ ಬೆಳಗ್ಗೆ ಅಪ್ಪ, ಅಮ್ಮ, ನಯನ ಕನಕಪುರದಲ್ಲಿ ಬಸ್ ಬದಲಿಸಿ ಊರಿಗೆ ಹೋದರು. ದೊಡ್ಡಪ್ಪನ ಮನೆಯ ಅಂಗಳದಲ್ಲಿ ಒಲೆ ಹೂಡಿದ್ದರು. ಅಜ್ಜಿಯ ಫೋಟೊ ಮುಂದೆ ಮುದ್ದೆ, ಅವರೆಕಾಳು ಸಾರು, ಎಲೆ ಅಡಿಕೆ ಎಲ್ಲ ಇಟ್ಟಿದ್ದರು. ದೊಡ್ಡಪ್ಪನದು ಊರಿಗೇ ಕೇಳುವ ಗಂಟಲು. ಅವರು ಸೊಂಟಕ್ಕೆ ಟವೆಲ್ ಬಿಗಿದುಕೊಂಡು, “ಎಲೆ ಎಲ್ರಲಾ? ನೀರ್ ತನ್ರಲಾ!” ಎಂದು ಕೂಗುತ್ತಾ ಓಡಾಡುತ್ತಿದ್ದರು.

“ನಯನಾ, ಓಗಿ ಪಕ್ಕದ ಚಿನ್ನಮ್ಮಜ್ಜಿನ ಕರ್ಕೊಂಬಾ ಮಗ. ನಿಮ್ಮಜ್ಜಿ ಜೊತೆಗಾತಿ, ಅವಳಿಲ್ದೆ ಎಲೆ ಹಾಕೋದು ಬ್ಯಾಡ,” ಎಂದರು.

ಚಿನ್ನಮ್ಮ ಮನೆಯಲ್ಲಿರಲಿಲ್ಲ. ಹಿತ್ತಿಲಿನ ರೇಷ್ಮೆ ಹುಳದ ಮನೆಯಲ್ಲಿ, ಹುಳಗಳ ಉದ್ದುದ್ದ ಹಾಸಿನ ಮೇಲೆ ಹಿಪ್ಪುನೇರಳೆ ಸೊಪ್ಪನ್ನು ಕಡ್ಡಿ ಸಮೇತ ಹರಡುತ್ತಿದ್ದರು.

“ಅಲ್ಲೇ ನಿಂತ್ಕಳವ್ವ! ಹುಳ ಇರೋ ಕಡೆ ಹೊರಗಿನೋರನ್ನ ಬುಡಾಕಿಲ್ಲ,” ಎಂದರು. ಆಮೇಲೆ ಕಣ್ಣು ಕಿರಿದು ಮಾಡಿ ನೋಡಿದರು. “ಯಾರು, ಸಿದ್ದರಾಮನ ಮಗಳಾ? ಸೊಪ್ಪು ಹಾಕ್ಬುಟ್ಟು ಬತ್ತೀನಿ, ಇರು.”

ನಯನ ಹೊಸ್ತಿಲ ಆಚೆ ನಿಂತಳು. ಚಿನ್ನಮ್ಮ ಕೊನೆಯ ಹಾಸಿಗೂ ಸೊಪ್ಪು ಹರಡಿ ಮುಗಿಸಿದರು. ಕಡ್ಡಿಗಳ ಸದ್ದು ನಿಂತಿತು.

ಮೊದಲು ಏನೂ ಇರಲಿಲ್ಲ. ಆಮೇಲೆ ಒಂದು ಮೂಲೆಯಲ್ಲಿ ಸಣ್ಣಗೆ ಶುರುವಾಯಿತು. ಅಲ್ಲಿಂದ ಪಕ್ಕದ ಹಾಸಿಗೆ ಹಬ್ಬಿತು. ನೋಡನೋಡುತ್ತ ಇಡೀ ಹುಳದ ಮನೆ ತುಂಬಿಕೊಂಡಿತು. ಸರಸರ, ಸರಸರ. ಹೊರಗೆ ಬಿಸಿಲು ಸುಡುತ್ತಿತ್ತು. ಒಳಗೆ ಸೋನೆಮಳೆ ಹಿಡಿದ ಹಾಗಿತ್ತು.

ನಯನ ಹೊಸ್ತಿಲ ಮೇಲೆ ಬಗ್ಗಿ ಕಿವಿಗೊಟ್ಟಳು.

“ಅಜ್ಜಿ... ಇದೇನು ಸದ್ದು?”

“ಯಾವ್ ಸದ್ದು?” ಚಿನ್ನಮ್ಮ ಸುತ್ತ ನೋಡಿದರು. ತುಸು ಹೊತ್ತು ಬಿಟ್ಟು ನಕ್ಕರು. “ಓ, ಹುಳ ಮೇಯ್ತಾವೆ ಕಣ್ ಮೊಗ. ನಮಗೆಲ್ಲಿ ಕೇಳ್ತದೆ ಅದು!”

ನಯನಳ ಮಾತುಗಳು ಒಂದರ ಮೇಲೊಂದು ಬಿದ್ದವು. ಸಿಡಿ, ಅಕ್ರಮಣ್ಣ, ಸರಸರ ಎಲ್ಲ ಒಂದೇ ಉಸಿರಿಗೆ ಹೇಳಿದಳು. ಚಿನ್ನಮ್ಮ ಕೈ ಒರೆಸಿಕೊಳ್ಳುತ್ತ ಹೊರಗೆ ಬಂದು ಕಲ್ಲಿನ ಮೇಲೆ ಕೂತರು.

“ನಂಗೂ ಜ್ಞಾಪಕ ಐತೆ. ಆಗ ಹುಳದ ಮನೆ ಬ್ಯಾರೆ ಇರ್ಲಿಲ್ಲ, ನಿಮ್ಮ ದೊಡ್ಡಪ್ಪನ ಮನೆ ನಡುಮನೇಲೇ ಹುಳದ ತಟ್ಟೆ ಜೋಡಿಸ್ತಿದ್ವು. ನಿಮ್ಮಜ್ಜಿ ಆ ಮೇಷ್ಟ್ರನ್ನ ಒಳಕ್ಕೆ ಬುಡ್ಲಿಲ್ಲ. ಅವರು ಜಗಲಿ ಮ್ಯಾಲೆ, ಇವಳು ಹೊಸ್ತಿಲ ಒಳಗೆ. ಪಾಪ, ಮೈಕು ನೀಡಿ ನೀಡಿ ಅವರ ಕೈ ಬಿದ್ದೋಯ್ತು!”

“ಹುಳ ಮೇಯೋವಾಗ್ಲೇ ಯಾಕೆ ಹಾಡಿದ್ಲು?”

“ಇನ್ಯಾವಾಗ ಹಾಡ್ತಾಳೆ? ಸೊಪ್ಪು ಕುಯ್ಯೋದು, ಹೊರೋದು, ಹಾಕೋದು. ಹುಳ ಮೇಯಕ್ಕೆ ಹತ್ತಿದ್ ಮ್ಯಾಲೇ ನಾವು ಒಸಿ ಕುಂತ್ಕಳೋದು. ಕುಂತ್ರೆ ಪದ ತಾನಾಗೇ ಬರೋದು ಅವಳಿಗೆ.”

ನಯನಳಿಗೆ ರಾಮನಗರದ ಮನೆಯ ಬಾಗಿಲು ಕಣ್ಣ ಮುಂದೆ ಬಂತು. ತಗಡಿನ ಮೇಲೆ ಮಳೆ. ಬಾಗಿಲಲ್ಲಿ ಅಜ್ಜಿ.

“ಇನ್ನೊಂದು ಪದದಲ್ಲಿ ಆ ಸದ್ದೇ ಇಲ್ಲ. ದನಿನೂ ಇಲ್ಲ, ತುಂಬಾ ಮೆಲ್ಲಗೈತೆ,” ಎಂದಳು.

“ಅದು ಮೇಷ್ಟ್ರು ಮೊದಲ ಸಲ ಬಂದಾಗಿಂದು. ಆಗ ಹುಳ ಜ್ವರಕ್ಕೆ ಕುಂತಿದ್ವು.”

“ಹುಳಕ್ಕೂ ಜ್ವರ ಬರ್ತದಾ?”

“ಕಾಯ್ಲೆ ಅಲ್ಲ ಕಣೆ. ಪೊರೆ ಬುಡೋಕೆ ಮುಂಚೆ ಮೇಯೋದು ನಿಲ್ಲಿಸಿ, ತಲೆ ಎತ್ಕೊಂಡು ಸುಮ್ಕೆ ಕುಂತ್ಕತವೆ. ಅದಕ್ಕೆ ಜ್ವರ ಅಂತೀವಿ. ಆಗ ಯಾರೂ ಗದ್ದಲ ಮಾಡಂಗಿಲ್ಲ ಅಂತ ನಿಮ್ಮಜ್ಜಿ ಕಾನೂನು. ನಿಮ್ಮಪ್ಪ, ದೊಡ್ಡಪ್ಪ ಸಣ್ಣುಡುಗ್ರಾಗಿದ್ದಾಗಿಂದ್ಲೂ ತುದಿಗಾಲಲ್ಲೇ ಓಡಾಡೋರು. ಚೊಂಬು ಬೀಳಿಸಿದ್ರೆ ಬೆನ್ನಿಗೆ ಬೀಳೋದು ಗುದ್ದು! ಪದಾನೂ ಹಂಗೇ ಹೇಳಿದ್ಲು, ಕೂಸು ಮಲಗಿರೋ ಮನೇಲಿ ಹೇಳ್ದಂಗೆ. ಕೇಳಾಕಿಲ್ಲ ಅಂತ ಮೇಷ್ಟ್ರು ಇನ್ನೊಂದ್ ಸಲ ಬರಬೇಕಾಯ್ತು.”

ಹಿಂದೆ ಹುಳಗಳು ಇನ್ನೂ ಮೇಯುತ್ತಲೇ ಇದ್ದವು. ಚಿನ್ನಮ್ಮ ಏನನ್ನೋ ಗುನುಗಲು ಹೊರಟು ನಿಲ್ಲಿಸಿ, “ನಡಿ, ನಿಮ್ಮ ದೊಡ್ಡಪ್ಪ ಬಾಯಿ ಬಡ್ಕೊತಾ ಇರ್ತಾನೆ,” ಎಂದು ಎದ್ದರು.

ಊಟಕ್ಕೆ ಎಲೆ ಹಾಕಿದರು. ಪೆನ್ ಡ್ರೈವನ್ನು ದೊಡ್ಡ ಸ್ಪೀಕರಿಗೆ ಸಿಕ್ಕಿಸಿದ್ದಾಯಿತು.

“ಕ್ಲೀನ್ ಮಾಡಿಸಿದ್ದು ಹಾಕವ್ವ,” ಎಂದರು ಅಪ್ಪ.

ನಯನ ಒಂದು ಕ್ಷಣ ತಡೆದಳು. ಆಮೇಲೆ ಹಳೆಯದನ್ನೇ ಹಾಕಿದಳು.

ಅಜ್ಜಿಯ ದನಿ ನಡುಮನೆ ತುಂಬಿತು. ಅದರ ಹಿಂದೆ ಸರಸರ. ಬೆಂಗಳೂರಿನಿಂದ ಬಂದಿದ್ದ ಹುಡುಗನೊಬ್ಬ, “ನಾಯ್ಸ್ ಬರ್ತಾ ಇದೆ,” ಎಂದ. ಅವನ ಪಕ್ಕ ಕೂತ ಮುದುಕ, “ಎಲ್ಲಿ ಬತ್ತಾ ಐತೆ? ಸುಮ್ಕೆ ಉಣ್ಣಲಾ,” ಎಂದು ಗದರಿದ. ದೊಡ್ಡವರಲ್ಲಿ ಯಾರಿಗೂ ಅದು ಕೇಳಿದ ಹಾಗೇ ಕಾಣಲಿಲ್ಲ. ನಯನ ಸಾಲು ಸಾಲಿನ ನಡುವೆ ಕಿವಿಯಿಟ್ಟಳು. ಅಜ್ಜಿ ಉಸಿರು ಎಳೆದುಕೊಳ್ಳುತ್ತಿದ್ದರು. ಹುಳ ಮೇಯುತ್ತಿದ್ದವು. ಏನೂ ಕೊಳೆತಿರಲಿಲ್ಲ.

ಎರಡನೇ ಪದ ಶುರುವಾಯಿತು.

“ಕೇಳಿಸ್ತಿಲ್ಲ, ವಾಲ್ಯೂಮ್ ಜಾಸ್ತಿ ಮಾಡ್ಲಾ?” ಎಂದು ಆ ಹುಡುಗ ಸ್ಪೀಕರಿಗೆ ಕೈ ಚಾಚಿದ. ನಯನ ಅವನ ಕೈ ಹಿಡಿದಳು.

ಸಾರಿನ ಬಕೆಟ್ ಹಿಡಿದು, “ಯಾರ್ಗ್ಲಾ ಸಾರು?” ಎಂದು ಕೂಗುತ್ತ ಬಂದ ದೊಡ್ಡಪ್ಪನ ದನಿ ಅರ್ಧಕ್ಕೇ ಇಳಿದುಹೋಯಿತು. ಅವರು ಬಗ್ಗಿ, ಕೈಸನ್ನೆಯಲ್ಲೇ ಕೇಳಿ, ಎಲೆಯ ಮೇಲೆ ಹನಿಯ ಸದ್ದೂ ಇಲ್ಲದೆ ಸಾರು ಬಿಟ್ಟರು. ಆಚೆ ಸಾಲಿನಲ್ಲಿ ಅಪ್ಪ ನೀರು ಕುಡಿದು, ಚೊಂಬನ್ನು ಎರಡೂ ಕೈಯಲ್ಲಿ ಹಿಡಿದು, ಮೊಟ್ಟೆ ಇಡುವ ಹಾಗೆ ನೆಲದ ಮೇಲಿಟ್ಟರು. ಹೀಗೆ ಮಾಡುತ್ತಿದ್ದೇವೆಂದು ಅವರಿಬ್ಬರಿಗೂ ಗೊತ್ತಿದ್ದಂತಿರಲಿಲ್ಲ.

ಒಲೆಯ ಹತ್ತಿರದಿಂದ ಅಮ್ಮ ಉಪ್ಪು ತರುವಂತೆ ಸನ್ನೆ ಮಾಡಿದರು. ನಯನ ಎದ್ದಳು. ಒಂದು ಕಾಲದಲ್ಲಿ ಹುಳದ ತಟ್ಟೆಗಳಿದ್ದ ಆ ನಡುಮನೆಯನ್ನು ದಾಟುವಾಗ ಅವಳ ಹಿಮ್ಮಡಿ ನೆಲಕ್ಕೆ ತಾಗುತ್ತಿರಲಿಲ್ಲ.